ಭೋಗ್ಯಕ್ಕೆ ಹೋದ ರಾಜ್ಯ: ಡೆನ್ಮಾರ್ಕಿನ ಎರಡನೇ ಕ್ರಿಸ್ಟೋಫರನ ಪ್ರಕರಣ

1332ರ ಆಗಸ್ಟ್ 2ರಂದು ಡೆನ್ಮಾರ್ಕಿನ ರಾಜ ಎರಡನೇ ಕ್ರಿಸ್ಟೋಫರ್ ತೀರಿಕೊಂಡ. ವಯಸ್ಸು 55. ರಾಜ ಸತ್ತರೆ ಪಟ್ಟಕ್ಕಾಗಿ ಗಲಾಟೆ ಶುರುವಾಗುವುದು ಮಾಮೂಲು. ಇಲ್ಲಿ ಅದೂ ಆಗಲಿಲ್ಲ. ಇಬ್ಬರು ಗಂಡುಮಕ್ಕಳು ಬದುಕಿದ್ದರೂ ಮುಂದಿನ ಎಂಟು ವರ್ಷ ಆ ದೇಶಕ್ಕೆ ರಾಜನೇ ಇರಲಿಲ್ಲ. ಆಳುವುದಕ್ಕೆ ಏನಾದರೂ ಉಳಿದಿದ್ದರೆ ತಾನೇ? ದೇಶದ ಸೀಮೆಗಳಾದ ಜಟ್ಲೆಂಡ್, ಫ್ಯೂನ್, ಜೀಲೆಂಡ್, ಸ್ಕಾನಿಯಾ ಎಲ್ಲವೂ ತುಂಡು ತುಂಡಾಗಿ ಸಾಲ ಕೊಟ್ಟವರ ಕೈ ಸೇರಿದ್ದವು.

ಡೆನ್ಮಾರ್ಕಿನವರ ಇತಿಹಾಸದಲ್ಲಿ ಕ್ರಿಸ್ಟೋಫರನಿಗೆ ಒಳ್ಳೆ ಹೆಸರಿಲ್ಲ. ದೇಶ ಮುಳುಗಿಸಿದವನು, ಮಾತಿಗೆ ತಪ್ಪುವವನು ಅಂತಲೇ ಅವನನ್ನು ನೆನೆಯುತ್ತಾರೆ. ಎರಡನೆಯದು ನಿಜ. ಮೊದಲನೆಯದನ್ನು ಅಷ್ಟು ಸುಲಭವಾಗಿ ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಅವನು ಪಟ್ಟಕ್ಕೆ ಬಂದ ದಿನವೇ ದೇಶ ಅರ್ಧ ಮುಳುಗಿತ್ತು. ಉಳಿದರ್ಧ ಹೇಗೆ ಮುಳುಗಿತು ಎನ್ನುವುದೇ ಈ ಪ್ರಕರಣ.

ಅಣ್ಣ ಮಾಡಿದ ಸಾಲ

ಕ್ರಿಸ್ಟೋಫರ್ ಹುಟ್ಟಿದ್ದು 1276ರಲ್ಲಿ. ಅಪ್ಪ ಐದನೇ ಎರಿಕ್. 1286ರ ನವೆಂಬರ್‌ನಲ್ಲಿ ಜಟ್ಲೆಂಡಿನ ಫಿಂಡೆರುಪ್ ಎಂಬಲ್ಲಿ ಒಂದು ಕಣಜದ ಮನೆಯಲ್ಲಿ ರಾತ್ರಿ ಮಲಗಿದ್ದಾಗ ಆ ರಾಜನನ್ನು ಕೊಂದರು. ಸರದಾರರಿಗೂ ಅರಮನೆಗೂ ಆಗಲೇ ಹಳೇ ಜಗಳವಿತ್ತು. ಆರೋಪ ಒಂಬತ್ತು ಜನರ ಮೇಲೆ ಬಂತು, ಅವರನ್ನು ದೇಶಭ್ರಷ್ಟರು ಅಂತ ಸಾರಿದರು. ಆಗ ಕ್ರಿಸ್ಟೋಫರನಿಗೆ ಹತ್ತು ವರ್ಷ, ಅವನ ಅಣ್ಣನಿಗೆ ಹನ್ನೆರಡು. ಅಣ್ಣನೇ ಆರನೇ ಎರಿಕ್ ಆಗಿ ಪಟ್ಟವೇರಿದ. ಚರಿತ್ರೆಯಲ್ಲಿ ಅವನ ಹೆಸರು ಎರಿಕ್ ಮೆನ್ವೆಡ್.

ತಾಯಿ ಆಗ್ನೆಸ್ ಬ್ರಾಂಡೆನ್‌ಬುರ್ಗಿನವಳು. ವಿಧವೆಯಾದ ಮೇಲೆ 1293ರಲ್ಲಿ ಹೋಲ್‌ಸ್ಟೈನ್ ಮನೆತನದ ಒಬ್ಬ ಕೌಂಟನನ್ನು ಮದುವೆಯಾದಳು. ಹೋಲ್‌ಸ್ಟೈನ್ ಎಂದರೆ ಜಟ್ಲೆಂಡಿನ ದಕ್ಷಿಣಕ್ಕೆ ಅಂಟಿಕೊಂಡ ಜರ್ಮನ್ ಸೀಮೆ. ಆ ಮದುವೆಯಿಂದ ಯೊಹಾನ್ ಎಂಬ ಮಗ ಹುಟ್ಟಿದ. ಅಲ್ಲಿಗೆ ಕ್ರಿಸ್ಟೋಫರನಿಗೆ ಒಬ್ಬ ತಮ್ಮ ಬಂದಂತಾಯಿತು. ತಾಯಿ ಒಬ್ಬಳೇ, ತಂದೆ ಬೇರೆ. ಈ ಯೊಹಾನನನ್ನು ನೆನಪಿಡಿ. ಮುಂದೆ ಕ್ರಿಸ್ಟೋಫರನನ್ನು ಪಟ್ಟಕ್ಕೆ ಏರಿಸುವವನೂ ಅವನೇ, ಅದಕ್ಕೆ ಬಿಲ್ ಕೊಡುವವನೂ ಅವನೇ.

ಎರಿಕ್ ಮೆನ್ವೆಡ್‌ಗೆ ದೊಡ್ಡ ಆಸೆಗಳಿದ್ದವು. ಜರ್ಮನಿಯ ಉತ್ತರ ಕರಾವಳಿ, ಅಂದರೆ ರೋಸ್ಟಾಕ್, ಲ್ಯೂಬೆಕ್ ಇರುವ ಸೀಮೆ ತನ್ನ ಮಾತು ಕೇಳಬೇಕು ಅಂತ ಹೊರಟ. 1311ರಲ್ಲಿ ರೋಸ್ಟಾಕಿನಲ್ಲಿ ಭಾರೀ ವೀರಕ್ರೀಡೆಯ ಹಬ್ಬ ಇಟ್ಟುಕೊಂಡ. ಊರಿನವರು ಹೆದರಿ ಕೋಟೆ ಬಾಗಿಲು ಹಾಕಿಕೊಂಡರು. ರಾಜ ಊರ ಹೊರಗೆ ಬಿಡಾರ ಹೂಡಿ ಹಬ್ಬ ಮಾಡಿಯೇ ಬಿಟ್ಟ. ದರ್ಬಾರು ಜೋರಾಗಿತ್ತು, ಖಜಾನೆ ಬರಿದಾಗಿತ್ತು.

ಅಷ್ಟು ಖರ್ಚು ಯಾಕೆ ಬರುತ್ತಿತ್ತು ಅಂದರೆ, ಯುದ್ಧದ ರೀತಿಯೇ ಬದಲಾಗಿತ್ತು. ಹಳೇ ಪದ್ಧತಿಯಲ್ಲಿ ರಾಜ ಕರೆದಾಗ ರೈತರು ಹಡಗು ಹತ್ತಿ ಬರಬೇಕಿತ್ತು, ಅವರಿಗೆ ಸಂಬಳವಿಲ್ಲ. ಹದಿನಾಲ್ಕನೇ ಶತಮಾನದ ಹೊತ್ತಿಗೆ ಕಬ್ಬಿಣದ ಕವಚ ತೊಟ್ಟ ಕುದುರೆ ಸವಾರರ ಮುಂದೆ ಆ ಪಡೆ ನಿಲ್ಲುತ್ತಿರಲಿಲ್ಲ. ಕುದುರೆ ಸವಾರರು ಜರ್ಮನಿಯಿಂದ ಬರುವ ಕೂಲಿ ಸೈನಿಕರು. ಅವರಿಗೆ ಬೆಳ್ಳಿ ಎಣಿಸಬೇಕು. ತೆರಿಗೆ ಏರಿಸಿದ್ದಕ್ಕೆ 1313ರಲ್ಲಿ ಜಟ್ಲೆಂಡಿನ ರೈತರು ದಂಗೆ ಎದ್ದರು. ಎರಿಕ್ ಅದನ್ನು ಕ್ರೂರವಾಗಿ ಅಡಗಿಸಿ, ಮತ್ತೆ ತಲೆ ಎತ್ತದಂತೆ ಅಲ್ಲಲ್ಲಿ ಕೋಟೆ ಕಟ್ಟಿಸಿದ. ಅದಕ್ಕೂ ದುಡ್ಡು ಬೇಕಾಯಿತು.

ಕೊನೆಗೆ ಉಳಿದದ್ದು ಜಮೀನು ಅಡ ಇಡುವ ದಾರಿ. ಈ ಪದ್ಧತಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಮುಂದಿನ ಕಥೆ ತಲೆಗೆ ಹೋಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಸಾಲ ಕೊಟ್ಟವನು ಹೊಲವನ್ನು ತಾನೇ ಉಳುತ್ತಾನೆ, ಬೆಳೆ ತಾನೇ ತಿನ್ನುತ್ತಾನೆ. ಆ ಬೆಳೆ ಬಡ್ಡಿಯ ಲೆಕ್ಕಕ್ಕೆ ಹೋಗುತ್ತದೆ. ಅಸಲು ಒಂದು ಕಾಸೂ ಇಳಿಯುವುದಿಲ್ಲ. ಡೆನ್ಮಾರ್ಕಿನಲ್ಲಿ ಹೊಲದ ಬದಲು ಇಡೀ ಸೀಮೆ, ಅದರ ಕೋಟೆ, ತೆರಿಗೆ, ಸುಂಕ, ನ್ಯಾಯ ತೀರ್ಮಾನದ ದಂಡ ಎಲ್ಲಾ ಸಾಲ ಕೊಟ್ಟವನ ಕೈಗೆ ಹೋಗುತ್ತಿತ್ತು. ರಾಜನಿಗೆ ಸಾಲ ತೀರಿಸಲು ಆದಾಯ ಬೇಕು, ಆದಾಯ ಬರುವ ಜಾಗವೇ ಅಡದಲ್ಲಿದೆ. ಇದರಿಂದ ಹೊರಬರುವುದು ಸುಲಭವಲ್ಲ.

1317ರಲ್ಲಿ ಫ್ಯೂನ್ ದ್ವೀಪ ಹೀಗೆ ಹೋಲ್‌ಸ್ಟೈನ್ ಕೌಂಟ್‌ಗಳ ಪಾಲಾಯಿತು. 1319ರ ನವೆಂಬರ್ 13ರಂದು ಎರಿಕ್ ಸತ್ತ. ಅವನಿಗೆ ಹುಟ್ಟಿದ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಪಟ್ಟವೂ ಸಾಲವೂ ಒಟ್ಟಿಗೆ ತಮ್ಮನ ಕಡೆ ನೋಡಿದವು.

ಕಟ್ಟಿಹಾಕಿದ ಕರಾರು

ತಮ್ಮನೂ ಸಾಚಾ ಆಸಾಮಿಯೇನಲ್ಲ. ಅಣ್ಣ ಅವನಿಗೆ 1303ರಲ್ಲಿ ಎಸ್ಟೋನಿಯಾ, 1307ರಲ್ಲಿ ಹಾಲೆಂಡ್‌ನ ದಕ್ಷಿಣ ಭಾಗ ಮತ್ತು ಸಾಮ್ಸೊ ದ್ವೀಪ ಕೊಟ್ಟಿದ್ದ. (ಈ ಹಾಲೆಂಡ್ ಸ್ಕಾಂಡಿನೇವಿಯದ್ದು, ನೆದರ್‌ಲೆಂಡ್ಸ್‌ನದ್ದಲ್ಲ.) ಅಷ್ಟು ಕೊಟ್ಟರೂ ಕ್ರಿಸ್ಟೋಫರ್ ಅಣ್ಣನ ಶತ್ರುಗಳ ಜೊತೆ ಸೇರಿದ, ಸಿಕ್ಕಿಬಿದ್ದ, ದೇಶ ಬಿಟ್ಟು ಓಡಿದ. ಅಣ್ಣ ಸತ್ತಾಗ ಅವನು ಒಬ್ಬ ಬಂಡುಕೋರ.

ಆದರೂ ಸರದಾರರು, ಬಿಷಪ್‌ಗಳು ಅವನನ್ನೇ ಆರಿಸಿದರು. ಅವನು ಯೋಗ್ಯ ಅಂತಲ್ಲ. ಮುಂದಿಟ್ಟ ಕಾಗದಕ್ಕೆ ಏನೂ ಕೇಳದೆ ಒಪ್ಪುತ್ತಾನೆ ಅಂತ. 1320ರ ಜನವರಿಯಲ್ಲಿ ವಿಬೋರ್ಗಿನಲ್ಲಿ ಅವನು ಒಂದು ಕರಾರು ಪತ್ರಕ್ಕೆ ಒಪ್ಪಿದ. ರಾಜರು ಪಟ್ಟಕ್ಕೆ ಮುಂಚೆ ಹೀಗೆ ಲಿಖಿತ ಮಾತು ಕೊಟ್ಟು ಬರುವುದು ಡೆನ್ಮಾರ್ಕಿನಲ್ಲಿ ಇದೇ ಮೊದಲು.

ಪತ್ರದಲ್ಲಿ ಇದ್ದದ್ದು ಹೀಗೆ. ಸರದಾರರು ಮತ್ತು ಬಿಷಪ್‌ಗಳು ಒಪ್ಪದೆ ಯುದ್ಧ ಹೂಡುವಂತಿಲ್ಲ. ಚರ್ಚಿನ ಆಸ್ತಿಗೆ ತೆರಿಗೆ ಹಾಕುವಂತಿಲ್ಲ. ಅಣ್ಣ ಹೊಸದಾಗಿ ಹೇರಿದ್ದ ತೆರಿಗೆಗಳು ರದ್ದು. ವರ್ತಕರ ಮೇಲೆ ಹೊಸ ಸುಂಕ ಬೇಡ. ಜರ್ಮನ್ನರನ್ನು ರಾಜಸಭೆಗೆ ಸೇರಿಸುವಂತಿಲ್ಲ. ಜಟ್ಲೆಂಡಿನಲ್ಲಿ ರಿಬೆ, ಕೋಲ್ಡಿಂಗ್, ಸ್ಕಾಂಡರ್‌ಬೋರ್ಗ್ ಬಿಟ್ಟು ಉಳಿದ ಅರಸು ಕೋಟೆಗಳನ್ನು ಕೆಡವಬೇಕು. ವಿಚಾರಣೆ ಇಲ್ಲದೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ. ಇವೆಲ್ಲದರ ಜೊತೆಗೆ, ಅಣ್ಣ ಮಾಡಿದ ಸಾಲವನ್ನು ತೀರಿಸಬೇಕು.

ಕೊನೆಯ ಷರತ್ತನ್ನು ಉಳಿದವುಗಳ ಪಕ್ಕ ಇಟ್ಟು ಓದಿ. ತೆರಿಗೆ ಹಾಕಬೇಡ, ಸುಂಕ ಏರಿಸಬೇಡ, ಕೋಟೆ ಇಟ್ಟುಕೊಳ್ಳಬೇಡ, ಆದರೆ ಸಾಲ ತೀರಿಸು. ಹೇಗೆ? ವಿಚಾರಣೆ ಇಲ್ಲದೆ ಸೆರೆ ಇಲ್ಲ ಎನ್ನುವಂಥ ಮಾತುಗಳನ್ನು ಓದಿ ಈ ಪತ್ರವನ್ನು ಜನರ ಹಕ್ಕಿನ ದಾಖಲೆ ಅಂತ ಹೊಗಳುವವರಿದ್ದಾರೆ. ಆ ಮಾತುಗಳು ಒಳ್ಳೆಯವೇ. ಆದರೆ ಒಟ್ಟು ಪತ್ರ ಪಾಲಿಸಲು ಬಾರದಂಥದ್ದು. ಬರೆದವರಿಗೆ ಅದು ಗೊತ್ತಿರಲಿಲ್ಲ ಅಂತ ನಂಬಲು ನನಗೆ ಕಷ್ಟ. ರಾಜ ಒಂದಲ್ಲ ಒಂದು ಕಡೆ ತಪ್ಪುತ್ತಾನೆ, ತಪ್ಪಿದಾಗ ಕೆಳಗಿಳಿಸಲು ಕಾರಣ ಸಿಗುತ್ತದೆ.

ಕ್ರಿಸ್ಟೋಫರ್ ಬೇಗನೇ ತಪ್ಪಿದ. ಮಗ ಎರಿಕನನ್ನು ಸಹರಾಜನನ್ನಾಗಿ ಮಾಡಿಕೊಂಡು 1324ರಲ್ಲಿ ವೋರ್ಡಿಂಗ್‌ಬೋರ್ಗಿನಲ್ಲಿ ಕಿರೀಟ ಧರಿಸಿದ. ಹೆಚ್ಚುವರಿ ತೆರಿಗೆ ಕೇಳಿದ, ಚರ್ಚಿನ ಗಂಟಿಗೂ ಕೈ ಹಾಕಿದ. ಅಡ ಇಟ್ಟಿದ್ದ ಸೀಮೆಗಳನ್ನು ಬಲದಿಂದ ವಾಪಸ್ ಪಡೆಯಲು ನೋಡಿದ. ರೋಸ್ಟಾಕಿನ ಹಕ್ಕು ಇಟ್ಟುಕೊಳ್ಳಲಾಗದೆ 1323ರಲ್ಲಿ ಅದನ್ನು ಮೆಕ್ಲೆನ್‌ಬುರ್ಗಿನ ಒಡೆಯನಿಗೆ ಬಿಟ್ಟುಕೊಟ್ಟ. ಅಣ್ಣ ಅಷ್ಟು ಬೆಳ್ಳಿ ಸುರಿದದ್ದು ಇದೇ ಊರಿಗಾಗಿ.

ಇಷ್ಟರವರೆಗೆ ಅವನ ಬಗ್ಗೆ ಕನಿಕರ ಪಡಬಹುದು. 1325ರಲ್ಲಿ ಮಾಡಿದ ಕೆಲಸಕ್ಕೆ ಮಾತ್ರ ಬೇರೆ ಯಾರನ್ನೂ ದೂರುವಂತಿಲ್ಲ. ಆ ವರ್ಷ ಶ್ಲೆಸ್ವಿಗ್‌ನ ಡ್ಯೂಕ್ ತೀರಿಕೊಂಡ. ಶ್ಲೆಸ್ವಿಗ್ ಎಂದರೆ ಜಟ್ಲೆಂಡಿನ ದಕ್ಷಿಣ ತುದಿ. ಡ್ಯೂಕನ ಮಗ ವಾಲ್ಡೆಮಾರ್ ಇನ್ನೂ ಹುಡುಗ. ಹುಡುಗನ ಪೋಷಣೆ ತನ್ನದು ಅಂತ ಕ್ರಿಸ್ಟೋಫರ್ ಸೈನ್ಯ ತಂದ. ಆದರೆ ಹುಡುಗನಿಗೆ ಸೋದರಮಾವ ಒಬ್ಬನಿದ್ದ. ಹೋಲ್‌ಸ್ಟೈನ್‌ನ ಮತ್ತೊಂದು ಶಾಖೆಯ ಕೌಂಟ್ ಮೂರನೇ ಗೆರ್ಹಾರ್ಡ್. ಯೊಹಾನನ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಪೈಕಿ. ಯುದ್ಧದಲ್ಲಿ ಪಳಗಿದವನು, ಯಾರಿಗೂ ಬಗ್ಗದವನು. ಅವನು ರಾಜನ ಸೈನ್ಯವನ್ನು ಹೊಡೆದು ಓಡಿಸಿದ. ಅಲ್ಲಿಯವರೆಗೆ ಬರೀ ಸಾಲ ಕೊಟ್ಟವನಾಗಿದ್ದ ಗೆರ್ಹಾರ್ಡ್ ಈಗ ಶತ್ರುವೂ ಆದ.

ಹನ್ನೆರಡು ವರ್ಷದ ರಾಜ

1326ರಲ್ಲಿ ಡೆನ್ಮಾರ್ಕಿನ ಸರದಾರರು ಗೆರ್ಹಾರ್ಡ್ ಜೊತೆ ಸೇರಿ ದಂಗೆ ಎದ್ದರು. ಯುವರಾಜ ಎರಿಕನ ಸೈನಿಕರೇ ಅವನನ್ನು ಕೈಬಿಟ್ಟರು, ಅವನು ಸೆರೆಯಾದ. ಕ್ರಿಸ್ಟೋಫರ್ ಖಜಾನೆಯನ್ನು ಹಡಗಿಗೆ ಹೇರಿಕೊಂಡು, ಚಿಕ್ಕ ಮಕ್ಕಳಿಬ್ಬರನ್ನು ಕರೆದುಕೊಂಡು ರೋಸ್ಟಾಕಿಗೆ ಓಡಿದ. ಸೆರೆಯಲ್ಲಿದ್ದ ಮಗನನ್ನು ಬಿಟ್ಟು ಖಜಾನೆ ಹೊತ್ತೊಯ್ದ ಅಪ್ಪ!

ಗೆರ್ಹಾರ್ಡ್ ತನ್ನ ಸೋದರಳಿಯ ವಾಲ್ಡೆಮಾರನನ್ನೇ ರಾಜ ಅಂತ ಕೂರಿಸಿದ. ಹುಡುಗನಿಗೆ ಸುಮಾರು ಹನ್ನೆರಡು ವರ್ಷ. ಹಂಚಿಕೆ ಶುರುವಾಯಿತು. ಶ್ಲೆಸ್ವಿಗ್ ಗೆರ್ಹಾರ್ಡ್‌ಗೆ ವಂಶಪಾರಂಪರ್ಯವಾಗಿ ಸಿಕ್ಕಿತು. ಕ್ನುದ್ ಪೋರ್ಸೆ ಎಂಬ ಸರದಾರನಿಗೆ ದಕ್ಷಿಣ ಹಾಲೆಂಡ್ ಮತ್ತು ಡ್ಯೂಕ್ ಪದವಿ. ಲೌರಿಡ್ಸ್ ಯೋನ್ಸೆನ್ ಎಂಬವನಿಗೆ ಲಾಂಗೆಲೆಂಡ್, ಆರೊ ದ್ವೀಪಗಳು. ಕರಾರು ಪತ್ರ ಹಿಡಿದು ಕ್ರಿಸ್ಟೋಫರನಿಗೆ ಪಾಠ ಹೇಳಿದವರೇ ಈಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು.

ಇದೇ ಹುಡುಗನ ಹೆಸರಿನಲ್ಲಿ 1326ರ ಒಂದು ಪತ್ರವಿದೆ. ಇನ್ನು ಮುಂದೆ ಶ್ಲೆಸ್ವಿಗ್ ಮತ್ತು ಡೆನ್ಮಾರ್ಕ್ ಒಬ್ಬನೇ ಒಡೆಯನ ಕೈ ಸೇರಬಾರದು ಎನ್ನುತ್ತದೆ ಅದು. ಅದು ಅಸಲಿಯೋ ನಕಲಿಯೋ ಎಂಬ ತಕರಾರು ಇತಿಹಾಸಕಾರರಲ್ಲಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಶ್ಲೆಸ್ವಿಗ್ ಯಾರದ್ದು ಅಂತ ಡೇನರೂ ಜರ್ಮನ್ನರೂ ಕಿತ್ತಾಡಿದಾಗ ಈ ಹಳೇ ಕಾಗದವನ್ನೂ ಎಳೆದು ತಂದರು. ಆ ಜಗಳ 1848ರಲ್ಲಿ ಒಮ್ಮೆ, 1864ರಲ್ಲಿ ಇನ್ನೊಮ್ಮೆ ಯುದ್ಧಕ್ಕೇ ಹೋಯಿತು.

ಸರದಾರರಿಗೆ ಬೇಗನೇ ಹೊಸ ವ್ಯವಸ್ಥೆ ಸಾಕಾಯಿತು. ಪಾಲು ಹಂಚುವಾಗ ಮನಸ್ತಾಪ ಬರುವುದು ಹೊಸದೇನಲ್ಲ. ಜನರಿಗೂ ಗೆರ್ಹಾರ್ಡ್‌ನ ಜರ್ಮನ್ ಸವಾರರ ಕಾಟ ಜಾಸ್ತಿಯಾಗಿತ್ತು. ಕ್ರಿಸ್ಟೋಫರನಿಗೆ ವಾಪಸ್ ಬರುವ ದಾರಿ ಕಂಡಿತು.

ಕೊಂಡು ತಂದ ಕಿರೀಟ

ಕ್ರಿಸ್ಟೋಫರ್ ಬಂಡುಕೋರನಾಗಿದ್ದ, ಹೇಡಿಯಾಗಿದ್ದ, ಅದೆಲ್ಲಾ ಇರಲಿ. ಈ ಪ್ರಕರಣದಲ್ಲಿ ನನಗೆ ದೊಡ್ಡ ತಪ್ಪು ಅನ್ನಿಸುವುದು 1329ರ ವಾಪಸಾತಿ.

ಅವನ ಬಳಿ ಸೈನ್ಯವಿಲ್ಲ, ತಂದಿದ್ದ ಖಜಾನೆ ಖರ್ಚಾಗಿದೆ. ಸೈನ್ಯ ಕೊಡುವವನು ತಮ್ಮ ಯೊಹಾನ್. ಪುಕ್ಕಟೆ ಅಲ್ಲ. ಫೆಮಾರ್ನ್ ದ್ವೀಪ ಅವನಿಗೆ ವಂಶಪಾರಂಪರ್ಯವಾಗಿ ಹೋಯಿತು. ಲೋಲೆಂಡ್, ಫಾಲ್ಸ್ಟರ್, ಆಮೇಲೆ ಜೀಲೆಂಡ್, ಸ್ಕಾನಿಯಾ ಅಡಕ್ಕೆ ಬಿದ್ದವು. ಅಂದರೆ ಕ್ರಿಸ್ಟೋಫರ್ ಯಾವ ದೇಶಕ್ಕಾಗಿ ಹೊಡೆದಾಡಿದನೋ ಅದೇ ದೇಶವನ್ನು ಆ ಹೊಡೆದಾಟದ ಖರ್ಚಿಗೆ ಬರೆದುಕೊಟ್ಟ.

1330ರ ಫೆಬ್ರವರಿಯಲ್ಲಿ ರಿಬೆಯಲ್ಲಿ ಗೆರ್ಹಾರ್ಡ್ ಜೊತೆ ರಾಜಿಯಾಯಿತು. ಹುಡುಗ ವಾಲ್ಡೆಮಾರ್ ಪಟ್ಟ ಬಿಟ್ಟು ಶ್ಲೆಸ್ವಿಗ್‌ಗೆ ಹಿಂತಿರುಗಿದ. ಅದಕ್ಕೆ ಬದಲಾಗಿ ಫ್ಯೂನ್ ಗೆರ್ಹಾರ್ಡ್‌ಗೆ ಹೋಯಿತು. ಜಟ್ಲೆಂಡ್ ಸಾಲದ ಬಾಬ್ತು ಅವನ ಹಿಡಿತದಲ್ಲೇ ಉಳಿಯಿತು. ಕ್ರಿಸ್ಟೋಫರ್ ಮತ್ತೆ ರಾಜ. ಅವನ ಕಿರೀಟಕ್ಕೆ ಪೂರ್ವದಲ್ಲಿ ಒಬ್ಬ ಹೋಲ್‌ಸ್ಟೈನಿನವ ಜಾಮೀನು, ಪಶ್ಚಿಮದಲ್ಲಿ ಇನ್ನೊಬ್ಬ. ಅದೇ ವರ್ಷ ಹೆಂಡತಿ ಯುಫೆಮಿಯಾ ತೀರಿಕೊಂಡಳು.

ಮರುವರ್ಷ ದಾಯಾದಿಗಳಾದ ಯೊಹಾನ್ ಮತ್ತು ಗೆರ್ಹಾರ್ಡ್ ಇಬ್ಬರಿಗೂ ಜಗಳ ಬಂತು. ಬುದ್ಧಿವಂತ ರಾಜನಾಗಿದ್ದರೆ ಇಬ್ಬರೂ ಬಡಿದಾಡಲಿ ಅಂತ ಸುಮ್ನೆ ಕೂತಿರುತ್ತಿದ್ದ. ಕ್ರಿಸ್ಟೋಫರ್ ಯೊಹಾನನ ಪರ ನಿಂತು ಮಗ ಎರಿಕನ ಜೊತೆ ಸೈನ್ಯ ಕಟ್ಟಿಕೊಂಡು ಹೋದ. 1331ರ ನವೆಂಬರ್ ಕೊನೆಯಲ್ಲಿ ದಾನೆವಿರ್ಕೆಯ ಹತ್ತಿರದ ಬಯಲಿನಲ್ಲಿ ಸೋತ. ದಾನೆವಿರ್ಕೆ ಎಂದರೆ ದಕ್ಷಿಣದವರು ನುಗ್ಗದಂತೆ ಹಿಂದಿನ ಡೇನ್ ರಾಜರು ಕಟ್ಟಿಸಿದ ಮಣ್ಣಿನ ದೊಡ್ಡ ಒಡ್ಡು. ಓಡುವಾಗ ಎರಿಕ್ ಕುದುರೆಯಿಂದ ಬಿದ್ದ, ಅದೇ ಗಾಯದಿಂದ ಸ್ವಲ್ಪ ದಿನದಲ್ಲಿ ಸತ್ತ.

ಆಮೇಲೆ ಯೊಹಾನ್ ಮತ್ತು ಗೆರ್ಹಾರ್ಡ್ ತಮ್ಮ ತಮ್ಮಲ್ಲೇ ರಾಜಿಯಾದರು. 1332ರ ಜನವರಿಯಲ್ಲಿ ಕೀಲ್ ಪಟ್ಟಣದಲ್ಲಿ ಲೆಕ್ಕ ಬರೆದರು. ಜಟ್ಲೆಂಡ್ ಮತ್ತು ಫ್ಯೂನ್ ಮೇಲೆ ಸಾಲ 1,00,000 ಮಾರ್ಕ್ ಬೆಳ್ಳಿ. ಒಂದು ಮಾರ್ಕ್ ಎಂದರೆ ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ಒಟ್ಟು 20 ಟನ್‌ಗೂ ಜಾಸ್ತಿ ಬೆಳ್ಳಿ. ಇದನ್ನು ತೀರಿಸುತ್ತಾರೆ ಅಂತ ಯಾರೂ ಅಂದುಕೊಂಡಿರಲಾರರು. ತೀರದಿರಲಿ ಅಂತಲೇ ಬರೆದ ಮೊತ್ತ ಅದು.

ರಾಜನಿಗೆ ಉಳಿದದ್ದು ದೂರದ ಎಸ್ಟೋನಿಯಾ ಮತ್ತು ಅಲ್ಲೊಂದು ಇಲ್ಲೊಂದು ಚೂರು. ಲೋಲೆಂಡಿನ ಸಾಕ್ಸ್‌ಕೋಬಿಂಗ್ ಎಂಬ ಸಣ್ಣ ಊರಿನ ಒಂದು ಮನೆಯಲ್ಲಿ ಅವನಿದ್ದಾಗ ಇಬ್ಬರು ಯೋಧರು ತಮ್ಮ ಆಳುಗಳನ್ನು ಕಟ್ಟಿಕೊಂಡು ಬಂದು ಮನೆಗೆ ಬೆಂಕಿ ಹಚ್ಚಿದರು. ಹೊರಗೆ ಬಂದವನನ್ನು ಹಿಡಿದರು. ರಾಜನನ್ನು ಒಪ್ಪಿಸಿದರೆ ಗೆರ್ಹಾರ್ಡ್ ಖುಷಿಪಡುತ್ತಾನೆ ಎಂಬ ಲೆಕ್ಕಾಚಾರ ಅವರದ್ದು. ಓಲ್‌ಹೋಮ್ ಕೋಟೆಗೆ ಒಯ್ದು ಕೂಡಿಹಾಕಿದರು. ಯೊಹಾನ್ ಅವನನ್ನು ಬಿಟ್ಟುಬಿಡಿ ಅಂದ. ತಮ್ಮನ ಕರುಣೆ ಅಂತಲೂ ಹೇಳಬಹುದು. ಅವನಿಂದ ಇನ್ನು ಯಾರಿಗೂ ಏನೂ ಆಗಬೇಕಿರಲಿಲ್ಲ ಎನ್ನುವುದೇ ನಿಜ. ಆ ಬೇಸಿಗೆಯಲ್ಲೇ ಫಾಲ್ಸ್ಟರ್ ದ್ವೀಪದ ನ್ಯೂಕೋಬಿಂಗ್ ಕೋಟೆಯಲ್ಲಿ ಅವನು ಸತ್ತ.

ಹೆರಿಂಗ್ ಮೀನಿನ ಸೀಮೆ

ಸ್ಕಾನಿಯಾದ ಕಥೆ ಬೇರೆಯೇ. ಇಂದಿನ ಸ್ವೀಡನ್ನಿನ ದಕ್ಷಿಣ ತುದಿ ಅದು, ಆಗ ಡೆನ್ಮಾರ್ಕಿನದ್ದು. ಅಲ್ಲಿ ಸ್ಕಾನೋರ್, ಫಾಲ್ಸ್ಟರ್‌ಬೋ ಎಂಬ ಮರಳು ತೀರದಲ್ಲಿ ಪ್ರತಿ ವರ್ಷ ಬೇಸಿಗೆ ಮುಗಿಯುತ್ತಾ ಬಂದಂತೆ ಹೆರಿಂಗ್ ಮೀನು ದಂಡುದಂಡಾಗಿ ಬರುತ್ತಿತ್ತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲ್ಲೊಂದು ಜಾತ್ರೆಯೇ ಸೇರುತ್ತಿತ್ತು. ಲ್ಯೂಬೆಕ್‌ನ ವರ್ತಕರು ಲ್ಯೂನೆಬುರ್ಗಿನ ಉಪ್ಪು ತರುತ್ತಿದ್ದರು. ಮೀನಿನ ಕರುಳು ತೆಗೆದು, ಉಪ್ಪು ಹಾಕಿ, ಪೀಪಾಯಿಗಳಲ್ಲಿ ಪದರ ಪದರವಾಗಿ ಜೋಡಿಸಿ ಯುರೋಪಿಗೆಲ್ಲಾ ಕಳಿಸುತ್ತಿದ್ದರು. ಉಪವಾಸದ ದಿನ ಕ್ರೈಸ್ತರು ಮಾಂಸ ತಿನ್ನುವಂತಿರಲಿಲ್ಲ, ಮೀನು ನಡೆಯುತ್ತಿತ್ತು. ಹಾಗಾಗಿ ಬೇಡಿಕೆಗೆ ಕೊನೆಯಿಲ್ಲ. ಇಲ್ಲಿನ ಸುಂಕ ಡೆನ್ಮಾರ್ಕಿನ ರಾಜರ ದೊಡ್ಡ ಆದಾಯಗಳಲ್ಲಿ ಒಂದು. ಕ್ರಿಸ್ಟೋಫರ್ ಯೊಹಾನನಿಗೆ ಅಡ ಇಟ್ಟದ್ದು ಇದನ್ನೇ.

ಹೋಲ್‌ಸ್ಟೈನಿನವರ ವಸೂಲಿ ತಾಳಲಾರದೆ 1332ರಲ್ಲಿ ಸ್ಕಾನಿಯಾದ ಜನ ದಂಗೆ ಎದ್ದರು, ಸ್ವೀಡನ್ನಿನ ರಾಜ ಮ್ಯಾಗ್ನಸ್ ಎರಿಕ್‌ಸನ್‌ನನ್ನು ಕರೆದರು. ಯೊಹಾನ್ ಯುದ್ಧಕ್ಕೆ ಇಳಿಯಲಿಲ್ಲ. 34,000 ಮಾರ್ಕ್ ಬೆಳ್ಳಿ ತೆಗೆದುಕೊಂಡು ಸ್ಕಾನಿಯಾವನ್ನು ಬಿಟ್ಟುಕೊಟ್ಟ. ಅಡದ ಚೀಟಿ ಕೈ ಬದಲಾಯಿತು, ಅಷ್ಟೇ. ಮ್ಯಾಗ್ನಸ್‌ಗೂ ಆ ಬೆಳ್ಳಿ ಕೈಯಲ್ಲಿರಲಿಲ್ಲ. ಅವನೂ ಸಾಲ ಮಾಡಿದ.

ಸಾಲ ಕೊಟ್ಟವನ ಪಾಡು

ಇನ್ನು ರಾಜನಿಲ್ಲದ ಎಂಟು ವರ್ಷ. 1334ರಲ್ಲಿ ಕ್ರಿಸ್ಟೋಫರನ ಮಗ ಒಟ್ಟೊ ಅಪ್ಪನ ಪಟ್ಟ ಪಡೆಯಲು ಬಂದು ವಿಬೋರ್ಗ್ ಹತ್ತಿರ ಸೋತು ಗೆರ್ಹಾರ್ಡ್‌ನ ಸೆರೆ ಸೇರಿದ. ಕೊನೆಯ ಮಗ, ಅವನ ಹೆಸರೂ ವಾಲ್ಡೆಮಾರ್, ಜರ್ಮನಿಯಲ್ಲಿ ಚಕ್ರವರ್ತಿ ಲುಡ್ವಿಗ್‌ನ ಆಸರೆಯಲ್ಲಿ ಬೆಳೆಯುತ್ತಿದ್ದ.

ಗೆರ್ಹಾರ್ಡ್ ಆರಾಮವಾಗಿ ಆಳಿದ ಅಂದುಕೊಂಡರೆ ಅದು ತಪ್ಪು. ಅವನೂ ಯುದ್ಧ ಮಾಡಿದ್ದು ಸಾಲದಲ್ಲೇ. ಸವಾರರಿಗೆ ಕೊಡಬೇಕಾದ ಬಾಕಿಗೆ ಜಟ್ಲೆಂಡಿನ ಕೋಟೆಗಳನ್ನೂ ಸೀಮೆಗಳನ್ನೂ ಅವರಿಗೆ ಒಳ ಅಡ ಇಟ್ಟ. ಒಳ ಅಡ ಪಡೆದವನಿಗೆ ದೇಶದ ಗತಿ ಏನಾದರೇನು? ತನ್ನ ದುಡ್ಡು ಎಷ್ಟು ಬೇಗ ಎತ್ತುತ್ತೇನೋ ಅಷ್ಟೇ. ರೈತರನ್ನು ಹಿಂಡಿದರು. ಹಿಂಡಿದಷ್ಟೂ ಬಂಡಾಯ, ಬಂಡಾಯ ಅಡಗಿಸಲು ಮತ್ತೆ ಸವಾರರು, ಸವಾರರಿಗೆ ಮತ್ತೆ ಬಾಕಿ. ಎರಿಕ್ ಮೆನ್ವೆಡ್ ಸಿಕ್ಕಿಕೊಂಡ ಸುಳಿಯಲ್ಲೇ ಗೆರ್ಹಾರ್ಡ್ ಕೂಡ ಸಿಕ್ಕಿಕೊಂಡ. 1340ರ ಆರಂಭದಲ್ಲಿ ಜಟ್ಲೆಂಡನ್ನು ಸೋದರಳಿಯನಿಗೆ ಕೊಟ್ಟು ಶ್ಲೆಸ್ವಿಗ್ ತಾನು ಇಟ್ಟುಕೊಳ್ಳುವ ಒಪ್ಪಂದಕ್ಕೂ ಬಂದ. ಜಟ್ಲೆಂಡ್ ಸಾಕಪ್ಪಾ ಸಾಕು ಅನ್ನಿಸಿತ್ತು ಅಂತ ಕಾಣುತ್ತದೆ.

ಹಾಗಂತ ಸುಮ್ಮನಾಗಲಿಲ್ಲ. ಬಂಡಾಯ ಅಡಗಿಸಲು ದೊಡ್ಡ ಸೈನ್ಯ ತಂದು ರಾಂಡರ್ಸ್ ಪಟ್ಟಣದಲ್ಲಿ ಬೀಡುಬಿಟ್ಟ. 1340ರ ಏಪ್ರಿಲ್ 1ರಂದು ನೀಲ್ಸ್ ಎಬ್ಬೆಸೆನ್ ಎಂಬ ಜಟ್ಲೆಂಡಿನ ಸರದಾರ ಒಂದಷ್ಟು ಜನರನ್ನು ಕಟ್ಟಿಕೊಂಡು ಊರೊಳಗೆ ನುಗ್ಗಿ ಅವನನ್ನು ಕೊಂದ. ನೀಲ್ಸ್ ಆ ವರ್ಷ ದಾಟಲಿಲ್ಲ. ನವೆಂಬರ್‌ನಲ್ಲಿ ಸ್ಕಾಂಡರ್‌ಬೋರ್ಗ್ ಬಳಿ ಕಾದಾಡುತ್ತಾ ಸತ್ತ. ಡೇನರಿಗೆ ಇವತ್ತಿಗೂ ಅವನೊಬ್ಬ ವೀರ.

ಗೆರ್ಹಾರ್ಡ್ ಸತ್ತ ಮೇಲೆ ಅವನ ಮಕ್ಕಳಿಗೂ ಜಟ್ಲೆಂಡಿನ ರಗಳೆ ಬೇಕಿರಲಿಲ್ಲ. 1340ರ ಬೇಸಿಗೆಯಲ್ಲಿ ಕ್ರಿಸ್ಟೋಫರನ ಕೊನೆಯ ಮಗ ವಾಲ್ಡೆಮಾರ್ ರಾಜನಾದ. ಇಪ್ಪತ್ತರ ಆಸುಪಾಸಿನ ಹುಡುಗ. ನಾಲ್ಕನೇ ವಾಲ್ಡೆಮಾರ್ ಎಂದರೆ ಇವನೇ. ಮದುವೆಯಾದದ್ದು ಯಾರನ್ನು? ತನ್ನ ಅಪ್ಪನ ಜಾಗದಲ್ಲಿ ಕೂತಿದ್ದ ಆ ಹುಡುಗ ರಾಜನ ತಂಗಿ ಹೆಲ್ವಿಗ್‌ಳನ್ನು. ಅವಳ ವರದಕ್ಷಿಣೆಯ ಲೆಕ್ಕದಲ್ಲಿ ಜಟ್ಲೆಂಡಿನ ಉತ್ತರದ ತುಂಡು ಬಿಡುಗಡೆಯಾಯಿತು. ಅಲ್ಲಿಂದ ಬಂದ ತೆರಿಗೆಯಲ್ಲಿ ಪಕ್ಕದ ತುಂಡನ್ನು ಬಿಡಿಸಿಕೊಂಡ. ಅದರ ಆದಾಯದಲ್ಲಿ ಮತ್ತೊಂದು.

ಅಪ್ಪನಿಗೂ ಮಗನಿಗೂ ಇದ್ದ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಕ್ರಿಸ್ಟೋಫರ್ ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹೋಗಿ ಎಲ್ಲವನ್ನೂ ಅಡ ಇಟ್ಟ. ಮಗ ಯಾವುದು ಉಳಿಯದು ಅಂತ ಮೊದಲು ತೀರ್ಮಾನಿಸಿದ. ಎಸ್ಟೋನಿಯಾ ದೂರ, ಅಲ್ಲಿ 1343ರಿಂದ ದೊಡ್ಡ ದಂಗೆ ಬೇರೆ. 1346ರಲ್ಲಿ ಅದನ್ನು ಟ್ಯೂಟಾನಿಕ್ ಎಂಬ ಜರ್ಮನ್ ಸನ್ಯಾಸಿ ಯೋಧರ ಪಂಗಡಕ್ಕೆ 19,000 ಮಾರ್ಕ್ ಬೆಳ್ಳಿಗೆ ಮಾರಿದ. ಕ್ರಿಸ್ಟೋಫರ್ 1329ರಲ್ಲೇ ಹೀಗೊಂದು ತುಂಡು ಕಳಚಿದ್ದರೆ ಯೊಹಾನನ ಮುಂದೆ ಅಷ್ಟು ಬಗ್ಗಬೇಕಿತ್ತೇ ಅಂತ ಕೇಳಬಹುದು. ಅವನು ಹಾಗೆ ಮಾಡಲಿಲ್ಲ. ಮಗ ಆ ಬೆಳ್ಳಿಯಿಂದ ಇನ್ನಷ್ಟು ಸೀಮೆ ಬಿಡಿಸಿದ. ಬೇಕಾದಾಗ ಕರಾರು ಮುರಿದ, ತೆರಿಗೆ ಹೇರಿದ, ಕೋಟೆಗಳನ್ನು ಹೊಡೆದು ಹಿಡಿದ. ಅಪ್ಪನನ್ನು ಇಳಿಸಲು ಯಾವ ಕೆಲಸಗಳನ್ನು ಕಾರಣ ಮಾಡಿದರೋ ಅವೇ ಕೆಲಸಗಳನ್ನು ಮಗನೂ ಮಾಡಿದ, ಗೆದ್ದ.

ಸೋರೊ ಮಠದ ಚರ್ಚಿನಲ್ಲಿ ಅಪ್ಪ ಅಮ್ಮನ ಗೋರಿಯ ಮೇಲೆ ಇಬ್ಬರ ಕಂಚಿನ ಪ್ರತಿಮೆಗಳನ್ನು ಮಲಗಿಸಿದ್ದಾರೆ. ಅಡದಲ್ಲಿ ಸತ್ತ ರಾಜನಿಗೆ ಅದು ದುಬಾರಿ ಗೋರಿಯೇ. ವಾಲ್ಡೆಮಾರ್ 1360ರಲ್ಲಿ ಸ್ಕಾನಿಯಾಕ್ಕೂ ಹೋದ. ಈ ಸಲ ಬೆಳ್ಳಿ ತೂಗಲಿಲ್ಲ. ಸೈನ್ಯ ತಂದು ಹೆಲ್ಸಿಂಗ್‌ಬೋರ್ಗ್‌ಗೆ ಮುತ್ತಿಗೆ ಹಾಕಿ ಹೆರಿಂಗ್ ಸೀಮೆಯನ್ನು ಸ್ವೀಡನ್ನಿನ ಮ್ಯಾಗ್ನಸ್‌ನಿಂದ ಕಿತ್ತುಕೊಂಡ.